ಲೋಯರ್ ಆರ್ಮ್ ಬದಲಿಸಿದ ಮೇಲೆ ಶುರುವಾದ ನಡುಕ: ಅಳೆದು ನೋಡಿದ ನನ್ನ ಅನುಭವ

ನನ್ನ ಕಾರು ಲಕ್ಷ ಕಿಲೋಮೀಟರ್ ದಾಟುವ ಹೊತ್ತಿಗೆ ಮುಂದಿನ ಎರಡೂ ಲೋಯರ್ ಆರ್ಮ್‌ಗಳ (ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ಲೋಹದ ತೋಳು) ಬುಷ್, ಅಂದರೆ ಕೀಲಿನಲ್ಲಿರುವ ರಬ್ಬರ್, ಹರಿದಿತ್ತು. ಹಂಪ್ ಇಳಿಯುವಾಗ ಟಕ್ ಅನ್ನುತ್ತಿತ್ತು. ಬ್ರೇಕ್ ಹಾಕಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಕಂಪನಿ ಪಾರ್ಟ್ ಬರಲು ತಡ ಆಗುತ್ತೆ ಅಂದರು. ಹೊರಗಿನ ತಯಾರಕರ ಆರ್ಮ್ ತಂದು ಗ್ಯಾರೇಜಿನಲ್ಲಿ ಹಾಕಿಸಿದೆ.

ಟಕ್ ಸದ್ದು ನಿಂತಿತು. ಆದರೆ ಆ ವಾರವೇ ಮೈಸೂರಿನಿಂದ ನಂಜನಗೂಡಿಗೆ ಹೋಗುವಾಗ ಪಕ್ಕದಲ್ಲಿ ಕೂತಿದ್ದ ಅಮ್ಮ, "ಕಾರು ಯಾಕೋ ನಡುಗ್ತಿದೆ ಕಣೋ, ಸೊಂಟಕ್ಕೆ ಹೊಡೀತಿದೆ" ಅಂದರು. ಅಮ್ಮನಿಗೆ ಮೊದಲೇ ಬೆನ್ನು ನೋವು. ಮೆಕ್ಯಾನಿಕ್‌ಗೆ ಹೇಳಿದರೆ, "ಹೊಸ ಪಾರ್ಟ್ ಅಲ್ವಾ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅಂದ. ರಬ್ಬರ್ ಬುಷ್ ಹಾಗೆಲ್ಲ ತಾನಾಗಿ ಸೆಟ್ ಆಗುವುದಿಲ್ಲ. ಹಾಗಾಗಿ ಅಳೆದೇ ನೋಡೋಣ ಅಂತ ಕೂತೆ.

ಮೊದಲು ಫೋನಿನಿಂದಲೇ ಶುರು ಮಾಡಿದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನೋ ಆ್ಯಪ್ ಉಚಿತವಾಗಿ ಸಿಗುತ್ತದೆ. ಫೋನಿನೊಳಗಿನ ಆ್ಯಕ್ಸಿಲರೋಮೀಟರ್ (ಅದುರಾಟ ಅಳೆಯುವ ಸೆನ್ಸರ್) ಓದಿ, ಯಾವ ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅದುರುವ ಕಡೆ, ಎಷ್ಟು ಅದುರಾಟ ಇದೆ ಅಂತ ಗ್ರಾಫ್ ಮಾಡಿ ತೋರಿಸುತ್ತದೆ. ಫೋನನ್ನು ಸೀಟಿನ ಮೇಲೆ ಇಟ್ಟರೆ ಪ್ರಯೋಜನ ಇಲ್ಲ. ಸೀಟಿನ ಸ್ಪಂಜೇ ಒಂದು ಸ್ಪ್ರಿಂಗ್. ಸೀಟು ಕೂರಿಸಿರುವ ಕಬ್ಬಿಣದ ರೈಲಿಗೆ ಕ್ಲ್ಯಾಂಪ್ ಹಾಕಿ ಬಿಗಿದೆ.

ಆರ್ಮ್‌ಗೆ ಫೋನ್ ಕಟ್ಟೋಕಾಗಲ್ಲ. ಅಲ್ಲಿಗೆ ಅಂಥದೇ ಕೆಲಸ ಮಾಡುವ ಎಂಪಿಯು-6050 ಅನ್ನೋ ಬಿಡಿ ಸೆನ್ಸರನ್ನು ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ, ಎಸ್‌ಡಿ ಕಾರ್ಡಿಗೆ ಬರೆಯುವ ಹಾಗೆ ಮಾಡಿದೆ. ಇಲ್ಲಿ ಎರಡು ತಪ್ಪು ಮಾಡಿದೆ. ಒಂದು, ಸೆನ್ಸರನ್ನು ಸ್ಪಂಜಿನ ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿದ್ದೆ. ಆ ಟೇಪೇ ಅದುರಿ ಇಲ್ಲದ ನಡುಕ ತೋರಿಸಿತು. ಆಮೇಲೆ ಚಿಕ್ಕ ಅಲ್ಯೂಮಿನಿಯಂ ತಗಡಿಗೆ ಸ್ಕ್ರೂ ಮಾಡಿ, ತಗಡನ್ನು ಆರ್ಮ್‌ನ ಚಕ್ರದ ಕಡೆಯ ಕೀಲಾದ ಬಾಲ್ ಜಾಯಿಂಟ್ ಹತ್ತಿರ ಹೋಸ್ ಕ್ಲಿಪ್‌ನಲ್ಲಿ ಬಿಗಿದೆ. ಎರಡನೆಯದು, ಈ ಸೆನ್ಸರ್ ಸುಮ್ನೆ ಆನ್ ಮಾಡಿದರೆ ±2 ಜಿ (ಭೂಮಿಯ ಗುರುತ್ವದ ಎರಡು ಪಟ್ಟು) ತನಕ ಮಾತ್ರ ಅಳೆಯುತ್ತದೆ. ಗುಂಡಿಯಲ್ಲಿ ಚಕ್ರ ಬಿದ್ದರೆ ಆರ್ಮ್ ಅದಕ್ಕಿಂತ ಎಷ್ಟೋ ಜಾಸ್ತಿ ಜಿಗಿಯುತ್ತದೆ. ನನ್ನ ಮೊದಲ ದಿನದ ಗ್ರಾಫ್ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗಿತ್ತು. ±16 ಜಿ ಗೆ ಬದಲಿಸಿದ ಮೇಲೆ ಸರಿಹೋಯಿತು.

ಭಾನುವಾರ ಬೆಳಗಿನ ಜಾವ ರಿಂಗ್ ರೋಡಿನ ಒಂದೇ ತುಂಡು, ಒಂದೇ ಲೇನ್. ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿಕೊಂಡಿದ್ದೆ. ವೇಗ ಜಿಪಿಎಸ್‌ನಲ್ಲಿ ನೋಡಿದೆ, ಮೀಟರ್ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ತಮ್ಮ ಪಕ್ಕದಲ್ಲಿ ಕೂತು ರೆಕಾರ್ಡಿಂಗ್ ನೋಡಿಕೊಂಡ. ಡ್ರೈವ್ ಮಾಡುವವರು ಇದನ್ನೆಲ್ಲ ನೋಡಬಾರದು. ಗಂಟೆಗೆ 60 ಕಿ.ಮೀ.ನಲ್ಲಿ ಮೂರು ಸಲ, 80ರಲ್ಲಿ ಮೂರು ಸಲ ಹೋಗಿ ಬಂದೆವು.

80ರಲ್ಲಿ ಸುಮಾರು 12 ಹರ್ಟ್ಜ್ ಹತ್ತಿರ ಒಂದು ಚೂಪಾದ ಶಿಖರ ಎದ್ದಿತ್ತು. 60ಕ್ಕೆ ಇಳಿಸಿದರೆ ಅದೇ ಶಿಖರ 9 ಹರ್ಟ್ಜ್‌ಗೆ ಸರಿಯಿತು. ಲೆಕ್ಕ ಹಾಕಿ ನೋಡಿ. ನನ್ನದು 175/65 ಆರ್14 ಟೈರ್, ಸುತ್ತಳತೆ ಹೆಚ್ಚುಕಡಿಮೆ 1.83 ಮೀಟರ್. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22.2 ಮೀಟರ್. ಭಾಗಿಸಿದರೆ ಚಕ್ರ ಸೆಕೆಂಡಿಗೆ 12 ಸುತ್ತು. ವೇಗದ ಜೊತೆಗೇ ಓಡುವ ಶಿಖರ ಚಕ್ರದ್ದು, ಆರ್ಮ್‌ನದಲ್ಲ! ಬಗ್ಗಿ ನೋಡಿದರೆ ಎಡ ಚಕ್ರದ ರಿಮ್ಮಿನ ಒಳಬದಿಯಲ್ಲಿ ಬ್ಯಾಲೆನ್ಸಿಂಗ್ ತೂಕ (ಚಕ್ರ ಸಮವಾಗಿ ತಿರುಗಲು ಅಂಟಿಸುವ ಲೋಹದ ತುಣುಕು) ಕೂತಿದ್ದ ಗುರುತು ಮಾತ್ರ ಇತ್ತು. ಕೆಲಸ ಮಾಡುವಾಗ ಕಿತ್ತುಹೋಗಿರಬೇಕು. ಮೇಲಾಗಿ ಚಕ್ರ ತಾನಾಗಿ ಕುಣಿಯುವ ಹರ್ಟ್ಜ್ ಕೂಡ ಸಾಮಾನ್ಯವಾಗಿ 10ರಿಂದ 15ರೊಳಗೇ ಇರುತ್ತದೆ. ಎರಡೂ ಸೇರಿದರೆ ಸಣ್ಣ ತೂಕದ ವ್ಯತ್ಯಾಸವೂ ಮೈಗೆ ತಟ್ಟುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿದೆ, ಆ ಶಿಖರ ಬಹುತೇಕ ಕರಗಿತು.

ಇಷ್ಟಕ್ಕೇ ಮುಗಿಯಲಿಲ್ಲ. 30ರಿಂದ 60 ಹರ್ಟ್ಜ್ ನಡುವೆ ಅಗಲವಾದ ಉಬ್ಬೊಂದು ಉಳಿದಿತ್ತು. ವೇಗ ಬದಲಿಸಿದರೂ ಅದು ಜಾಗ ಬಿಡಲಿಲ್ಲ. ಅಂದರೆ ಇದು ಸಸ್ಪೆನ್ಷನ್ನಿನದೇ. ಹಳೇ ಆರ್ಮ್ ಇದ್ದಾಗಿನ ಅಳತೆ ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಆದರೆ ಹರಿದ ಬುಷ್‌ನ ಅಳತೆಯನ್ನು ಆರೋಗ್ಯದ ಅಳತೆ ಅನ್ನೋಕಾಗಲ್ಲ. ಅದಕ್ಕೇ ಎಡವನ್ನು ಬಲಕ್ಕೆ ಹೋಲಿಸಿದೆ. ಎರಡೂ ಆರ್ಮ್‌ಗಳು ಹೆಚ್ಚುಕಡಿಮೆ ಒಂದೇ ರೀತಿ ಅದುರುತ್ತಿದ್ದವು. ಆದರೆ ಬಲಗಡೆ ಸೀಟ್ ರೈಲಿಗೆ ಬರುತ್ತಿದ್ದ ನಡುಕ ಎಡಗಡೆಗಿಂತ ಸ್ಪಷ್ಟವಾಗಿ ಜಾಸ್ತಿ. ಬಲಗಡೆಯ ಬುಷ್ ತಡೆಯಬೇಕಾದದ್ದನ್ನು ತಡೆಯುತ್ತಿರಲಿಲ್ಲ.

ಕಾರಣ ಸರಳ. ಇದು ಲೋಹದ ಕೊಳವೆಗೆ ರಬ್ಬರ್ ಅಂಟಿಸಿ ಬೆಸೆದ ಬುಷ್. ಬೋಲ್ಟ್ ಬಿಗಿದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿರುತ್ತದೋ ಅದೇ ಅದರ ವಿಶ್ರಾಂತಿ ಸ್ಥಿತಿ. ಗಾಡಿ ಲಿಫ್ಟಿನಲ್ಲಿ ನೇತಾಡುವಾಗ ಬಿಗಿದರೆ, ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಗಡುಸಾಗುತ್ತದೆ, ಬೇಗ ಹರಿಯುತ್ತದೆ. ಆವತ್ತು ಎಡಗಡೆಯ ಬೋಲ್ಟನ್ನು ಗಾಡಿ ಇಳಿಸಿದ ಮೇಲೆ ಬಿಗಿದದ್ದು ನಾನೇ ನೋಡಿದ್ದೆ. ಬಲಗಡೆಯದನ್ನು ಲಿಫ್ಟಿನಲ್ಲೇ ಮುಗಿಸಿದ್ದರು.

ಸರ್ವೀಸ್ ಪಿಟ್ ಇರುವ ಕಡೆ ಗಾಡಿ ಒಯ್ದೆ. ನಾಲ್ಕೂ ಚಕ್ರ ನೆಲದ ಮೇಲೆ, ಭಾರ ಪೂರ್ತಿ ಕೂತಿರುವಾಗ ಕೆಳಗಿಳಿದು ಬಲಗಡೆ ಬೋಲ್ಟ್‌ಗಳನ್ನು ಸಡಿಲಿಸಿದೆ. ಗಾಡಿಯನ್ನು ಮೇಲಿನಿಂದ ನಾಲ್ಕು ಸಲ ಅದುಮಿಸಿ, ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಆಯಿತು ಅಂತ ಅಳೆಯುವ ಸ್ಪ್ಯಾನರ್) ಸರ್ವೀಸ್ ಪುಸ್ತಕದ ಅಳತೆಗೆ ಬಿಗಿದೆ. ಆಮೇಲೆ ವೀಲ್ ಅಲೈನ್‌ಮೆಂಟ್. ಮುಂದಿನ ಭಾನುವಾರ ಅದೇ ರಸ್ತೆಯಲ್ಲಿ ಅಳೆದಾಗ ಬಲ ಎಡದ ಸಮಕ್ಕೆ ಬಂದಿತ್ತು.

ಉಳಿದದ್ದು ರಬ್ಬರಿನ ಗಡಸುತನ. ಈ ಆರ್ಮ್‌ನ ರಬ್ಬರ್ ಉಗುರಿಗೂ ಜಗ್ಗುವುದಿಲ್ಲ. ಎಲ್ ಆಕಾರದ ಆರ್ಮ್‌ನಲ್ಲಿ ಮುಂದಿನ ಬುಷ್ ಪಕ್ಕದ ಹೊಡೆತ ತಡೆದರೆ, ಹಿಂದಿನ ದೊಡ್ಡ ಬುಷ್ ಚಕ್ರವನ್ನು ಸ್ವಲ್ಪ ಹಿಂದೆ ಮುಂದೆ ಬಿಟ್ಟುಕೊಟ್ಟು ಹೊಡೆತ ನುಂಗುತ್ತದೆ. ಕಂಪನಿಯ ಹಿಂದಿನ ಬುಷ್ ಮಾತ್ರ ತರಿಸಿ, ಪ್ರೆಸ್‌ನಲ್ಲಿ ಎರಡೂ ಕಡೆ ಹಾಕಿಸಿದೆ. ಬುಷ್‌ನಲ್ಲಿ ಖಾಲಿ ಬಿಟ್ಟಿರುವ ಸಂದಿ ಯಾವ ದಿಕ್ಕಿಗಿದೆ ಅಂತ ಹಳೇ ಆರ್ಮ್ ನೋಡಿ ಗುರುತು ಮಾಡಿಕೊಂಡು ಕೂರಿಸಬೇಕು. ತಿರುಗಿ ಕೂತರೆ ಮತ್ತೆ ಅದೇ ಗೋಳು.

ಈಗ 30ರ ಮೇಲಿನ ಉಬ್ಬು ಇಳಿದಿದೆ. ಸೇತುವೆಯ ಜಾಯಿಂಟ್ ದಾಟುವಾಗ ಸಣ್ಣದೊಂದು ಧಡ್ ಇನ್ನೂ ಕೇಳಿಸುತ್ತದೆ, ಅದು ಮುಂದಿನ ಬುಷ್‌ನದು. ಹೋದ ವಾರ ಅಮ್ಮನನ್ನು ಮತ್ತೆ ನಂಜನಗೂಡಿಗೆ ಕರೆದುಕೊಂಡು ಹೋದೆ. ಫೋನ್ ಈ ಸಲವೂ ರೈಲಿಗೆ ಕಟ್ಟಿಯೇ ಇತ್ತು. ಹೋಗುವಾಗ ಬರುವಾಗ ಅಮ್ಮ ಸೊಂಟದ ಮಾತೆತ್ತಲಿಲ್ಲ. ಹೋಗುವಾಗ, ಬರುವಾಗ ಫೋನಿನಲ್ಲಿ ದಾಖಲಾದ ಆ ಎರಡು ಫೈಲುಗಳನ್ನು ತಾರೀಕು ಬರೆದು ಇಟ್ಟುಕೊಂಡಿದ್ದೇನೆ. 10,000 ಕಿಲೋಮೀಟರ್ ಆದ ಮೇಲೆ ಹೋಲಿಸಲು ಬೇಕು.