38ನೇ ಪುಟದ ಕರೆಂಟ್ ಬಿಲ್

ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಗಾಜಿನ ಬೀರು ಇದೆ. ಒಳಗೆ ಮುನ್ನೂರು ಚಿಲ್ಲರೆ ಕನ್ನಡ ಪುಸ್ತಕ. ಬೀಗದ ಕೈ ನನ್ನ ಹತ್ತಿರ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆವರೆಗೆ ಅಲ್ಲಿ ಕೂತಿರುತ್ತೇನೆ. ಇದು ಒಂಬತ್ತನೇ ವರ್ಷ. ಬರುವವರಲ್ಲಿ ಮುಕ್ಕಾಲು ಪಾಲು ಜನ ಕೇಳುವುದು ಒಂದೇ ಮಾತು: "ಏನಾದ್ರೂ ಚೆನ್ನಾಗಿರೋದು ಕೊಡಿ ಮೇಡಂ."

ಮೊದಲ ವರ್ಷ ನಾನು ನನಗೆ ಚೆನ್ನಾಗಿದ್ದದ್ದನ್ನೇ ಕೊಡುತ್ತಿದ್ದೆ. ಎರಡನೇ ಮಹಡಿಯ ಸಾಫ್ಟ್‌ವೇರ್ ಹುಡುಗಿ ಬಂದು ಕೇಳಿದಾಗ, ಹಿಂದೆಮುಂದೆ ನೋಡದೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೈಗಿಟ್ಟೆ. ಏಳುನೂರಕ್ಕೂ ಹೆಚ್ಚು ಪುಟ, ಊರು ತುಂಬುವಷ್ಟು ಪಾತ್ರಗಳು. ಎಂಟು ತಿಂಗಳು ಅದು ಅವಳ ಮನೆಯಲ್ಲೇ ಇತ್ತು. ಲಿಫ್ಟಿನಲ್ಲಿ ನಾನಿದ್ದರೆ ಅವಳು ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಕೊನೆಗೆ ಸೆಕ್ಯೂರಿಟಿಯವರ ಕೈಯಲ್ಲಿ ಪುಸ್ತಕ ವಾಪಸ್ ಕಳಿಸಿದಳು. ತೆರೆದು ನೋಡಿದರೆ 38ನೇ ಪುಟದಲ್ಲಿ ಮಡಿಸಿಟ್ಟ ಕರೆಂಟ್ ಬಿಲ್. ಪುಸ್ತಕದ್ದೂ ತಪ್ಪಲ್ಲ, ಹುಡುಗಿಯದೂ ಅಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಮನೆ ಸೇರುವವಳಿಗೆ ಅದನ್ನು ಕೊಟ್ಟವಳು ನಾನು.

ಅವತ್ತಿನಿಂದ ರಿಜಿಸ್ಟರಿನಲ್ಲಿ ಒಂದು ಕಾಲಂ ಜಾಸ್ತಿ ಆಯಿತು. ಪುಸ್ತಕದ ಹೆಸರು, ಮನೆ ನಂಬರ್, ತಾರೀಕು, ಆಮೇಲೆ 'ಎಲ್ಲಿ ನಿಂತರು'. ಜನ ಗುರುತಿಗೆ ಇಟ್ಟದ್ದನ್ನು ತೆಗೆಯುವುದೇ ಇಲ್ಲ ನೋಡಿ. ಬಸ್ ಟಿಕೆಟ್, ಮದುವೆ ಕಾಗದದ ತುಂಡು, ಒಮ್ಮೆ ಖಾಲಿ ಮಾತ್ರೆ ಪಟ್ಟಿ. ಬಾಯಲ್ಲಿ "ತುಂಬಾ ಚೆನ್ನಾಗಿತ್ತು" ಅನ್ನುತ್ತಾರೆ. ಬಸ್ ಟಿಕೆಟ್ ಬೇರೆಯೇ ಹೇಳುತ್ತದೆ.

ಈಗ ಯಾರಾದರೂ ಬಂದರೆ "ಯಾವ ಥರದ ಪುಸ್ತಕ ಇಷ್ಟ?" ಅಂತ ಕೇಳುವುದಿಲ್ಲ. ಕೇಳಿದರೆ ಪರೀಕ್ಷೆಗೆ ಕೂತವರ ಹಾಗೆ ಮುಖ ಮಾಡಿಕೊಂಡು ಒಂದೆರಡು ದೊಡ್ಡ ಹೆಸರು ಹೇಳುತ್ತಾರೆ, ಅಷ್ಟೇ. ಅದರ ಬದಲು "ಯಾವಾಗ ಓದ್ತೀರಿ? ಎಲ್ಲಿ ಕೂತು?" ಅಂತ ಕೇಳುತ್ತೇನೆ. ಮೆಟ್ರೋದಲ್ಲಿ ನಿಂತು ಓದುವವರಿಗೂ ಮಧ್ಯಾಹ್ನ ಊಟ ಆದಮೇಲೆ ದಿವಾನದ ಮೇಲೆ ಕಾಲು ಚಾಚಿ ಓದುವವರಿಗೂ ಒಂದೇ ಪುಸ್ತಕ ಆಗಲ್ಲ ಅಲ್ವಾ?

ಮೆಟ್ರೋದವರಿಗೆ ನನ್ನ ಮೊದಲ ಆಯ್ಕೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ತೆಳ್ಳಗಿದೆ, ಬ್ಯಾಗಿನಲ್ಲಿ ಭಾರ ಆಗುವುದಿಲ್ಲ. ಕಾಫಿ ಹೌಸಿನಲ್ಲಿ ಒಬ್ಬ ಕೂತಿದ್ದಾನೆ, ಮನೆಯಲ್ಲಿ ಇರುವೆ ಕಾಟ, ಇದ್ದಕ್ಕಿದ್ದಂತೆ ಬಂದ ದುಡ್ಡು. ಕೊಲೆ, ಪೊಲೀಸು ಅಂತ ಏನೂ ಇಲ್ಲದೆ ಶುರುವಾದರೂ ಓದುತ್ತಾ ಹೋದಂತೆ ಬೆನ್ನಲ್ಲಿ ಚಳಿ ಹತ್ತುತ್ತದೆ. ಐದನೇ ಮಹಡಿಯವರೊಬ್ಬರು ರಾತ್ರಿ ಹತ್ತು ಗಂಟೆಗೆ ನಮ್ಮ ಮನೆ ಬೆಲ್ ಮಾಡಿ, "ಕೊನೇಲಿ ನಿಜವಾಗ್ಲೂ ಏನಾಯ್ತು ಹೇಳಿ" ಅಂತ ಬಾಗಿಲಲ್ಲೇ ನಿಂತರು. ನಾನು ಹೇಳಲಿಲ್ಲ. ನನಗೂ ಪೂರ್ತಿ ಗೊತ್ತಿಲ್ಲ, ಅದು ಬೇರೆ ಮಾತು.

ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರದು ಇನ್ನೊಂದು ಕಥೆ. ಅವರಿಗೆ ವ್ಯಕ್ತಿತ್ವ ವಿಕಸನದ ಪುಸ್ತಕ ಬೇಕು. ಹುಡುಗನಿಗೆ ಅಲ್ಲಿಂದ ಓಡಿಹೋದರೆ ಸಾಕು. ಒಂಬತ್ತನೇ ಕ್ಲಾಸಿನ ಒಬ್ಬನಿಗೆ ಕೆನೆತ್ ಆಂಡರ್ಸನ್ ಬೇಟೆ ಕತೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದಿರುವ 'ಜಾಲಹಳ್ಳಿಯ ಕುರ್ಕ' ತೋರಿಸಿದೆ. "ಕುರ್ಕ ಅಂದ್ರೆ ಚಿರತೆ ಕಣೋ. ನಿಮ್ಮ ಮೆಟ್ರೋ ಸ್ಟೇಷನ್ ಇರೋ ಜಾಲಹಳ್ಳಿನೇ" ಅಂದೆ. ಹುಡುಗ ಮೊದಲ ಸಲ ತಲೆ ಎತ್ತಿದ. "ಸುಮ್ನೆ ಹೇಳ್ತಿದ್ದೀರಾ ಆಂಟಿ?" ಮುಂದಿನ ಭಾನುವಾರ ಒಬ್ಬನೇ ಬಂದ. ರುದ್ರಪ್ರಯಾಗದ ನರಭಕ್ಷಕ ಆಯಿತು, 'ಪರಿಸರದ ಕತೆ' ಆಯಿತು. ಅವರಪ್ಪ ಈಗಲೂ ಸಿಕ್ಕಾಗೆಲ್ಲ ವ್ಯಕ್ತಿತ್ವ ವಿಕಸನದ ಬಗ್ಗೆ ಕೇಳುತ್ತಾರೆ.

ಇದನ್ನೆಲ್ಲ ನೋಡಿ, ಮೊದಲು ತೆಳ್ಳನೆ ಪುಸ್ತಕವನ್ನೇ ಕೊಡಬೇಕು ಅಂತ ಒಂದು ಲೆಕ್ಕ ಮಾಡಿಕೊಂಡಿದ್ದೆ. ಅದನ್ನು ಸುಳ್ಳು ಮಾಡಿದವರು ಬ್ಯಾಂಕಿನಿಂದ ರಿಟೈರ್ ಆದ ಚಿತ್ರದುರ್ಗದ ಕಡೆಯ ಹಿರಿಯರು. ತ.ರಾ.ಸು. ಅವರ 'ದುರ್ಗಾಸ್ತಮಾನ' ಹಿಡಿದವರು ಹತ್ತೇ ದಿನಕ್ಕೆ ಮುಗಿಸಿ ತಂದರು. ಆಮೇಲೆ ಕೊಟ್ಟ ವಸುಧೇಂದ್ರರ 'ತೇಜೋ ತುಂಗಭದ್ರಾ'ದಲ್ಲಿ ಲಿಸ್ಬನ್ನಿಗೂ ವಿಜಯನಗರಕ್ಕೂ ಓಡಾಡಿ ಬಂದರು. "ತೆಳ್ಳಗಿರೋದು ಕೊಡಬೇಡಮ್ಮ, ಬಿಸಿಯಾಗೋ ಹೊತ್ತಿಗೆ ಮುಗಿದುಹೋಗುತ್ತೆ" ಅಂದರು. ಸರಿ, ಇತಿಹಾಸದ ಹುಚ್ಚಿರುವವರಿಗೆ ಪುಟದ ಲೆಕ್ಕ ಬೇಡ. ಅವರ ಪಕ್ಕದ ಮನೆಯವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬೇಕು. ನನ್ನ ಹತ್ತಿರ ಇರುವುದು ಎರಡೇ, ಎರಡಕ್ಕೂ ರಟ್ಟು ಇಲ್ಲ. ಅವನ್ನೇ ಮತ್ತೆ ಮತ್ತೆ ಒಯ್ಯುತ್ತಾರೆ.

ಮಗನ ಮನೆಗೆ ಅಂತ ಆರು ತಿಂಗಳು ಅಮೆರಿಕಕ್ಕೆ ಹೊರಟ ದಂಪತಿಗೆ 'ಅಮೆರಿಕಾದಲ್ಲಿ ಗೊರೂರು' ಕೊಟ್ಟೆ. 1980ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಪುಸ್ತಕ ಅಂತ ಹೇಳಿದ್ದರೆ ಪೆಟ್ಟಿಗೆಯ ತಳಕ್ಕೆ ಹೋಗುತ್ತಿತ್ತೇನೋ. "ನಿಮ್ಮ ಹಾಗೇ ಹೋದವರು, ನಗಿಸ್ತಾರೆ" ಅಂದೆ, ಅಷ್ಟೇ. ವಾಪಸ್ ಬಂದಾಗ ಕೊನೆಯ ಪುಟಗಳ ನಡುವೆ ಅಲ್ಲಿನ ಅಂಗಡಿಯ ಉದ್ದನೆಯ ಬಿಲ್ ಇತ್ತು. ಕೊತ್ತಂಬರಿ ಸೊಪ್ಪು, ಮೊಸರು. ರಿಜಿಸ್ಟರಿನಲ್ಲಿ 'ಮುಗಿಸಿದರು' ಅಂತ ಖುಷಿಯಿಂದ ಬರೆದೆ.

ನಾನು ಕಲಿತದ್ದರಲ್ಲಿ ಜಾಸ್ತಿ ಪಾಲು ರಾತ್ರಿ ಪಾಳಿಯ ಸೆಕ್ಯೂರಿಟಿಯವರಿಂದ. ರಾಯಚೂರು ಕಡೆಯವರು. ಕೇಳಲು ಸಂಕೋಚಪಟ್ಟು ಎರಡು ವಾರ ಬೀರುವಿನ ಗಾಜನ್ನೇ ನೋಡುತ್ತಾ ನಿಂತಿದ್ದರು. ಸಿದ್ಧಲಿಂಗಯ್ಯನವರ 'ಊರು ಕೇರಿ' ಕೊಟ್ಟೆ. ಬಡತನದ ಕಥೆಯನ್ನು ಇಷ್ಟು ನಗಿಸಿ ಹೇಳಿದವರು ಕಡಿಮೆ. ಮೂರು ರಾತ್ರಿಗೆ ಮುಗಿಸಿದರು. ಆಮೇಲೆ ದೇವನೂರ ಮಹಾದೇವ ಅವರ 'ಒಡಲಾಳ' ಕೊಡುವಾಗ ಮಾತ್ರ ಅನುಮಾನ ಇತ್ತು. ಆ ಮಾತು ಮೈಸೂರು, ನಂಜನಗೂಡು ಕಡೆಯದು, ಇವರದು ಪೂರ್ತಿ ಬೇರೆ. ಕಳೆದುಹೋದ ಹುಂಜ ಹುಡುಕುವ ಸಾಕವ್ವನನ್ನು ಇವರು ಎಷ್ಟು ದೂರ ಹಿಂಬಾಲಿಸುತ್ತಾರೆ ಅಂದುಕೊಂಡೆ. ವಾರದ ಮೇಲೆ ಬಂದು, "ಅಕ್ಕಾರ, ಮೊದ್ಲ ತಿಳೀಲಿಲ್ರಿ. ಕಣ್ಣಾಗ ಓದಿದ್ರ ತಿಳಿಯಂಗಿಲ್ಲ ಅದು, ಬಾಯಿ ಬಿಟ್ಟು ಓದ್ಬೇಕ್ರಿ. ರಾತ್ರಿ ಗೇಟಿನ್ಯಾಗ ಒಬ್ನ ಜೋರಾಗಿ ಓದೀನಿ" ಅಂದರು. ಈಗ ಯಾರಾದರೂ ಆಡುಮಾತಿನ ಪುಸ್ತಕ ಕಷ್ಟ ಅಂದರೆ ಅದನ್ನೇ ಹೇಳುತ್ತೇನೆ, ಅವರ ಹೆಸರು ಹೇಳಿಯೇ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಬೀರುವಿನ ಮುಂದೆ ಮೊದಲ ಸಲ ಕ್ಯೂ ನಿಂತಿತು. ಅವರ ಕಥೆಗಳ ಪುಸ್ತಕ ಇದ್ದದ್ದು ಒಂದೇ ಪ್ರತಿ, ಕೇಳಿದವರು ಹನ್ನೊಂದು ಜನ. "ದಿನಕ್ಕೆ ಒಂದೇ ಕಥೆ ಓದಿ, ಮೇಲಿಂದ ಮೇಲೆ ಓದಿದ್ರೆ ಎದೆ ಭಾರ ಆಗುತ್ತೆ" ಅಂತ ಹೇಳಿ ಕೊಟ್ಟೆ. ಆ ಕ್ಯೂ ಎರಡು ತಿಂಗಳಲ್ಲಿ ಕರಗಿತು. ಕವನ ಸಂಕಲನಗಳ ಕಡೆ ಮಾತ್ರ ಯಾರೂ ಬರುವುದಿಲ್ಲ. ಅದಕ್ಕೆ ಇನ್ನೂ ನನಗೆ ದಾರಿ ಸಿಕ್ಕಿಲ್ಲ.

ಅಂದ ಹಾಗೆ, ಆ ಸಾಫ್ಟ್‌ವೇರ್ ಹುಡುಗಿಗೆ ಆಮೇಲೆ ನಾನೇ ಹೋಗಿ 'ಕರ್ವಾಲೊ' ಕೊಟ್ಟು ಬಂದೆ. ಹಾರುವ ಓತಿಯ ಹಿಂದೆ ಕಾಡಿಗೆ ಹೊರಡುವ ಆ ಗುಂಪು ಯಾರನ್ನೂ ಬಿಟ್ಟು ಹೋಗಿದ್ದು ನಾನು ಕಂಡಿಲ್ಲ. ಆ ಪುಸ್ತಕ ಮಾತ್ರ ವಾಪಸ್ ಬರಲಿಲ್ಲ. ಆಮೇಲೆ ಇನ್ನೂ ಮೂರು ಪ್ರತಿ ಹಾಗೇ ಹೋದವು. ಒಂದು ಎಲ್ಲಿದೆ ಅಂತ ನನಗೆ ಗೊತ್ತು. ಎದುರು ಬ್ಲಾಕಿನ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ಕೂತು ಆ ಮನೆಯ ಮಗಳು ಓದುತ್ತಿದ್ದಳು. ಕೇಳಲಿಲ್ಲ. ಐದನೆಯದನ್ನು ಕಳೆದ ವಾರ ತಂದಿಟ್ಟೆ.