ಬರೆಸಿಕೊಂಡ ರಾಜೀನಾಮೆ ವಾಪಸ್ ಪಡೆಯುವುದು: ಗಾರ್ಮೆಂಟ್ಸ್ ಕೇಸುಗಳಲ್ಲಿ ನನ್ನ ಅನುಭವ

ಬಸುರಿ ಅಂತ ಗೊತ್ತಾದ ಕೂಡಲೇ ಎಚ್‌ಆರ್ ಕರೆದು ರಾಜೀನಾಮೆ ಬರೆಸಿಕೊಂಡರೆ ಕೇಸು ಅಲ್ಲಿಗೇ ಸತ್ತಿತು, ಸಹಿ ಹಾಕಿದ ಮೇಲೆ ಏನೂ ಮಾಡಕ್ಕಾಗಲ್ಲ ಅಂತ ನಮ್ಮ ಜೊತೆ ಕೆಲಸ ಮಾಡುವವರೇ ಹೇಳುತ್ತಿದ್ದರು. ವಕೀಲರೂ ಹೌದೆಂದು ತಲೆಯಾಡಿಸುತ್ತಿದ್ದರು. ಆದರೆ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆಯ ಕೇಸುಗಳಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಮಂದಿ ವಾಪಸ್ ಮಷೀನ್ ಮುಂದೆ ಕೂತಿದ್ದಾರೆ. ಇವೆಲ್ಲ 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬರುವ ಮುಂಚಿನ ಕೇಸುಗಳು. ಹಾಗಾಗಿ ಇಲ್ಲಿ ಬರುವ ಕಲಂ ಸಂಖ್ಯೆಗಳು ಆಗಿನ ಹಳೆಯ ಕಾಯ್ದೆಗಳವು.

ಇಡೀ ವಿಧಾನ ನಿಂತಿರುವುದು ಒಂದೇ ಮಾತಿನ ಮೇಲೆ: ಮಾಲೀಕರು ಒಪ್ಪಿಕೊಳ್ಳುವ ಮೊದಲು ರಾಜೀನಾಮೆಯನ್ನು ವಾಪಸ್ ಪಡೆಯಬಹುದು. ಬರೆಸಿಕೊಂಡ ದಿನವೇ ಒಪ್ಪಿಗೆ ಪತ್ರ ಕೊಡುವ ಫ್ಯಾಕ್ಟರಿ ಬಹಳ ಕಡಿಮೆ, ಕಾಗದ ಹೆಡ್ ಆಫೀಸಿಗೆ ಹೋಗಿ ಬರಬೇಕು. ನಮಗೆ ಸಿಗುವ ಸಮಯ ಅಷ್ಟೇ. ಅದೇ ಸಂಜೆ ಹೆಂಗಸಿನ ಮೊಬೈಲಿನಿಂದಲೇ ಎಚ್‌ಆರ್‌ಗೆ ಇಮೇಲ್ ಹೋಗಬೇಕು. ಮರುದಿನ ಅದೇ ಕಾಗದ ಫ್ಯಾಕ್ಟರಿಗೆ ಒಂದು, ಹೆಡ್ ಆಫೀಸಿಗೆ ಒಂದು ಸ್ಪೀಡ್ ಪೋಸ್ಟಿನಲ್ಲಿ, ಅದರ ಒಂದು ನಕಲು ಕಾರ್ಮಿಕ ಅಧಿಕಾರಿಗೆ. ನಾಲ್ಕು ಸಾಲು ಸಾಕು: "ಇಂಥ ದಿನ ನನ್ನಿಂದ ಬರೆಸಿಕೊಂಡ ರಾಜೀನಾಮೆ ನನ್ನ ಇಷ್ಟದ್ದಲ್ಲ. ಅದನ್ನು ವಾಪಸ್ ಪಡೆಯುತ್ತಿದ್ದೇನೆ. ನಾನು ಗರ್ಭಿಣಿ, ಹೆರಿಗೆಯ ನಿರೀಕ್ಷಿತ ದಿನ ಇಂಥದ್ದು, ತಾಯಿ ಕಾರ್ಡಿನ ಪ್ರತಿ ಲಗತ್ತಿಸಿದೆ. ನಾಳೆ ಎಂದಿನಂತೆ ಕೆಲಸಕ್ಕೆ ಬರುತ್ತೇನೆ." ಬೈಗುಳ, ಬೆದರಿಕೆ, ಸೂಪರ್‌ವೈಸರನ ಹಳೇ ಕಥೆ ಇದರಲ್ಲಿ ಬೇಡವೇ ಬೇಡ. ಉದ್ದ ಬರೆದಷ್ಟೂ ಅವರ ವಕೀಲರಿಗೆ ಹಿಡಿ ಸಿಗುತ್ತದೆ.

ಕೊನೆಯ ಸಾಲನ್ನು ಬರೆದರೆ ಸಾಲದು, ಪಾಲಿಸಬೇಕು. ಎಷ್ಟೋ ಕೇಸು ಬಿದ್ದದ್ದು ಇಲ್ಲೇ. ಕಾಗದ ಕಳಿಸಿ ಮನೆಯಲ್ಲಿ ಕೂತರೆ "ಕೆಲಸ ಬಿಟ್ಟು ಹೋದಳು" ಅಂತ ಫೈಲಿನಲ್ಲಿ ಬರೆಯುತ್ತಾರೆ. ಶಿಫ್ಟ್ ಟೈಮಿಗೆ ಗೇಟಿಗೆ ಹೋಗಬೇಕು, ಸೆಕ್ಯುರಿಟಿ ತಡೆದರೆ ಅಲ್ಲಿಂದಲೇ ಲೈನ್ ಸೂಪರ್‌ವೈಸರ್‌ಗೆ ವಾಟ್ಸಾಪ್: "ಬಂದಿದ್ದೇನೆ, ಗೇಟಿನಲ್ಲಿ ಬಿಡುತ್ತಿಲ್ಲ." ಮೂರ್ನಾಲ್ಕು ದಿನ ಹೀಗೆ ಮಾಡಿದರೆ ಆ ಮೆಸೇಜುಗಳೇ ಹಾಜರಾತಿ.

ಇನ್ನು ತಾರೀಖುಗಳು. ರಾಜೀನಾಮೆ ಕಾಗದದ ಮೇಲಿನ ದಿನ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ದಾಖಲೆಯಲ್ಲಿ ತೋರಿಸಿದ ಕೊನೆಯ ಕೆಲಸದ ದಿನ, ಪಿಎಫ್‌ನಲ್ಲಿ (ಭವಿಷ್ಯ ನಿಧಿ) ಹಾಕಿದ ಎಗ್ಸಿಟ್ ಅಂದರೆ ಕೆಲಸ ಬಿಟ್ಟ ದಿನ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಾರೀಖು ಹಾಕದ ಕಾಗದಕ್ಕೆ ಸಹಿ ಮಾಡಿಸಿಕೊಂಡು ಆಮೇಲೆ ತುಂಬುವ ಕಡೆ ಇವು ಮೂರೂ ಹೊಂದುವುದೇ ಇಲ್ಲ. ರಾಜೀನಾಮೆಯ ದಿನದ ನಂತರವೂ ಸಂಬಳ ಹಾಕಿದ್ದರೆ "ಸ್ವಇಚ್ಛೆ" ಅನ್ನುವ ಮಾತು ಕಾರ್ಮಿಕ ಅಧಿಕಾರಿಯ ಮುಂದಿನ ಕಾನ್ಸಿಲಿಯೇಶನ್ (ರಾಜಿ ಮಾತುಕತೆ) ಮೇಜಿನ ಮೇಲೇ ಮುರಿದು ಬೀಳುತ್ತದೆ. ಯಾವ ದಿನ ಯಾರು ಕೆಲಸ ಮಾಡಿದರು ಅಂತ ತೋರಿಸುವ ಲೈನಿನ ಪ್ರೊಡಕ್ಷನ್ ಶೀಟ್ ಹೇಗೆ ಕೈಗೆ ಬರುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆಯಿಂದ ಬರುವುದಿಲ್ಲ.

ತಪ್ಪು ಕಚೇರಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಳೆಯುವವರು ಈಗಲೂ ಇದ್ದಾರೆ. ಸಂಬಳ 21,000 ರೂಪಾಯಿಯ ಒಳಗಿದ್ದು ಇಎಸ್‌ಐ ಇದ್ದರೆ ಹೆರಿಗೆ ಹಣ ಕೊಡುವುದು ಇಎಸ್‌ಐ, ಫ್ಯಾಕ್ಟರಿಯಲ್ಲ. ಆ ಸವಲತ್ತು ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ ಅನ್ನುವುದು ಹಳೆಯ ಇಎಸ್‌ಐ ಕಾಯ್ದೆಯ 73ನೇ ಕಲಂ. ಅದಕ್ಕಿಂತ ಮುಂಚೆಯೇ ಹೊರಗೆ ಹಾಕಿದ್ದರೆ ಕೈಗಾರಿಕಾ ವಿವಾದ ಕಾಯ್ದೆಯ 2ಎ ಕಲಂ, ಅಂದರೆ ಒಬ್ಬ ಕೆಲಸಗಾರಳೇ ವಿವಾದ ಹೂಡುವ ದಾರಿ ಇತ್ತು. ಇಎಸ್‌ಐ ಮಿತಿ ದಾಟಿದವರಿಗೆ ಮಾತ್ರ 1961ರ ಹೆರಿಗೆ ಸೌಲಭ್ಯ ಕಾಯ್ದೆ ಅನ್ವಯಿಸುತ್ತಿತ್ತು: 80 ದಿನದ ಕೆಲಸ ಬೇಕಿತ್ತು, ತೆಗೆದುಹಾಕಿದ್ದರೆ 60 ದಿನದೊಳಗೆ ಮೇಲ್ಮನವಿ ಹಾಕಬೇಕಿತ್ತು. ಇಎಸ್‌ಐಗೆ ಬೇಕಾದದ್ದು ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಇಎಸ್‌ಐ ಹಣ ಕಟ್ಟುವ ಆರಾರು ತಿಂಗಳು) 70 ದಿನದ ವಂತಿಗೆ. ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ 21,000 ದಾಟಿದರೂ ಅವಧಿ ಮುಗಿಯುವವರೆಗೆ ಇಎಸ್‌ಐ ನಡೆಯುತ್ತದೆ, ಇದನ್ನು ಮರೆತು ಎಷ್ಟೋ ಎಚ್‌ಆರ್‌ಗಳು "ನಿನಗೆ ಬರಲ್ಲ" ಅಂದುಬಿಡುತ್ತಾರೆ.

ದುಡ್ಡಿನ ಲೆಕ್ಕ ನೋಡಿ. ತಿಂಗಳಿಗೆ 14,000 ಬರುವ ಟೈಲರ್‌ಗೆ 26 ವಾರಕ್ಕೆ ಸುಮಾರು 85 ಸಾವಿರ ಸಿಗಬೇಕು. ಒಂಬತ್ತು ವರ್ಷ ದುಡಿದಿದ್ದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಹಣ) 72 ಸಾವಿರದ ಮೇಲೆ. "ಬಿಟ್ಟು ಹೋಗು, ಮಗು ಆದ ಮೇಲೆ ಹೊಸದಾಗಿ ಸೇರಿಕೋ" ಅನ್ನುವ ಸಿಹಿ ಮಾತಿನ ಹಿಂದೆ ಸರ್ವಿಸ್ ಮುರಿಯುವ ಉದ್ದೇಶ ಇರುತ್ತದೆ. ಗ್ರಾಚ್ಯುಟಿಗೆ ಬೇಕಾದ ಐದು ವರ್ಷ ತುಂಬುವ ಹೊತ್ತಿಗೆ ಸರಿಯಾಗಿ ಈ ಮಾತು ಬಂದರೆ ಅನುಮಾನವೇ ಬೇಡ. ಹೆರಿಗೆ ರಜೆಯ 26 ವಾರವೂ ಸರ್ವಿಸ್‌ಗೆ ಸೇರುತ್ತದೆ ಅಂತ 2018ರಲ್ಲೇ ತಿದ್ದುಪಡಿಯಾಗಿದೆ. ನಮ್ಮ ಖರ್ಚು? ಪೋಸ್ಟು, ಜೆರಾಕ್ಸು, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಓಡಾಟ ಸೇರಿ ಒಂದು ಕೇಸಿಗೆ ಸಾವಿರದ ಆಸುಪಾಸು. ನಿಜವಾದ ಭಾರ ಆ ಹೆಂಗಸು ಕಳೆದುಕೊಳ್ಳುವ ದಿನಗೂಲಿ. ಹಿಯರಿಂಗನ್ನು ಒಂದೇ ವಾರದಲ್ಲಿ ಎರಡು ಸಲ ಹಾಕಿಸಿಕೊಳ್ಳಬೇಡಿ.

ಲೈನಿನವರೆಲ್ಲ ಸೇರಿ ಸಹಿ ಮಾಡಿದ ಅರ್ಜಿಯನ್ನೂ ಪ್ರಯೋಗ ಮಾಡಿದ್ದಾಯಿತು. ಸಹಿ ಹಾಕಿದವರನ್ನೇ ಬೇರೆ ಯೂನಿಟ್‌ಗೆ ಹಾಕಿದರು, ಅದನ್ನು ಕೈಬಿಟ್ಟೆವು. ಫ್ಯಾಕ್ಟರಿ ಮೇಲೆ ಒತ್ತಡ ತರಲು ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಹಳೆಯ ಕಾರ್ಖಾನೆ ಕಾಯ್ದೆಯಂತೆ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಫ್ಯಾಕ್ಟರಿಯಲ್ಲಿ ಶಿಶುವಿಹಾರ ಇರಬೇಕಿತ್ತು. ಅದರ ತಪಾಸಣಾ ವರದಿ ಕೇಳಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಕಾರ್ಖಾನೆಗಳ ಇಲಾಖೆಗೆ ಅರ್ಜಿ ಹಾಕಿದೆವು. ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಲಿ, ಇಲ್ಲದಿದ್ದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.

ಸೆಟ್ಲ್‌ಮೆಂಟ್ ಹಣವನ್ನು (ಕೆಲಸ ಬಿಟ್ಟಳೆಂದು ಲೆಕ್ಕ ಚುಕ್ತಾ ಮಾಡಿ ಕೊಡುವ ಹಣ) ಹೇಳದೆ ಕೇಳದೆ ಬ್ಯಾಂಕಿಗೆ ಹಾಕಿದರೆ ಅದೇ ದಿನ "ಇದನ್ನು ತಕರಾರಿನೊಂದಿಗೆ ಇಟ್ಟುಕೊಂಡಿದ್ದೇನೆ, ಕೆಲಸದ ಹಕ್ಕು ಬಿಟ್ಟಿಲ್ಲ" ಅಂತ ಇಮೇಲ್ ಮಾಡಿಸಿ. ಪಿಎಫ್ ಹಣವನ್ನಂತೂ ಕೇಸು ಮುಗಿಯುವವರೆಗೆ ಮುಟ್ಟಕೂಡದು. ಮನೆಯವರ ಒತ್ತಾಯಕ್ಕೆ ಪಿಎಫ್ ತೆಗೆಸಿಕೊಂಡವರ ಕೇಸುಗಳನ್ನು ಉಳಿಸಿಕೊಳ್ಳುವುದು ಬಹಳ ಕಷ್ಟವಾಗಿದೆ. ಹಾಗಾಗಿ ಮೊದಲ ಭೇಟಿಯಲ್ಲೇ ಗಂಡನನ್ನೋ ಅತ್ತೆಯನ್ನೋ ಜೊತೆಗೆ ಕೂರಿಸಿಕೊಂಡು ಇದೊಂದನ್ನು ಬಿಡಿಸಿ ಹೇಳಿ.