ಆಂಜಿಯೋಪ್ಲಾಸ್ಟಿ ನಡುವೆ ರಕ್ತನಾಳ ತೂತಾದರೆ ನಾನು ಮಾಡುವುದು

ಹೃದಯದ ರಕ್ತನಾಳ ಎಕ್ಸ್‌ರೇಯಲ್ಲಿ ಕಾಣಲೆಂದು ಬಿಡುವ ಡೈ ಅದರ ಗೋಡೆ ದಾಟಿ ಹೊರಗೆ ಚಿಮ್ಮುವುದು ಪರದೆಯ ಮೇಲೆ ಕಂಡರೆ ಮೊದಲ ನಿಯಮ ಒಂದೇ: ವೈರ್ (ಬಲೂನು, ಸ್ಟೆಂಟ್ ಸಾಗಲು ನಾಳದೊಳಗೆ ಹಾಕಿರುವ ಸಣ್ಣ ತಂತಿ) ಎಳೆಯಬಾರದು. ಅದು ಕಳಚಿ ಬಂದರೆ ತೂತಿನ ಜಾಗಕ್ಕೆ ಮತ್ತೆ ತಲುಪುವ ಖಾತ್ರಿಯಿಲ್ಲ. ಆಗ ತಾನೇ ಬಳಸಿದ ಬಲೂನು ಸಾಮಾನ್ಯವಾಗಿ ವೈರ್ ಮೇಲೇ ಇರುತ್ತದೆ. ಅದನ್ನೇ ತೂತಿನ ಮೇಲೆ ಅಥವಾ ತುಸು ಹಿಂದೆ ಇಟ್ಟು, ಸೋರಿಕೆ ನಿಲ್ಲುವಷ್ಟೇ ಕಡಿಮೆ ಒತ್ತಡದಲ್ಲಿ ಉಬ್ಬಿಸುತ್ತೇನೆ. ಸ್ವಲ್ಪವೇ ಡೈ ಬಿಟ್ಟು ನಿಂತಿದೆಯೇ ನೋಡಿ, 5ರಿಂದ 10 ನಿಮಿಷ ಹಾಗೇ ಬಿಡುತ್ತೇನೆ. ಅಷ್ಟರಲ್ಲಿ ಎಕೋ (ಹೃದಯದ ಅಲ್ಟ್ರಾಸೌಂಡ್) ಯಂತ್ರ ಪಕ್ಕಕ್ಕೆ ಬಂದಿರಬೇಕು. ಹೃದಯದ ಸುತ್ತಲ ಪೊರೆಯಲ್ಲಿ ರಕ್ತ ತುಂಬಿ ಬಿಪಿ ಕುಸಿಯುತ್ತಿದ್ದರೆ ಸೂಜಿ ಹಾಕಿ ತೆಗೆಯಲೇಬೇಕು. ಸಲೈನ್ ಕೊಡುವುದು ಸಮಯ ಗಳಿಸಲು ಮಾತ್ರ.

ರಕ್ತ ಹೆಪ್ಪುಗಟ್ಟದಂತೆ ಮೊದಲೇ ಕೊಟ್ಟ ಹೆಪಾರಿನ್‌ನ ಪರಿಣಾಮ ಇಳಿಸಲು, ಅದರ ಪ್ರತಿಮದ್ದಾದ ಪ್ರೋಟಮಿನ್‌ಗೆ ಆತುರ ಪಡುವುದಿಲ್ಲ. 100 ಯೂನಿಟ್ ಹೆಪಾರಿನ್‌ಗೆ 1 ಮಿ.ಗ್ರಾಂ ಪ್ರೋಟಮಿನ್ ಲೆಕ್ಕ ಎಲ್ಲರಿಗೂ ಗೊತ್ತು, ಆದರೆ ವೈರ್, ಬಲೂನು ಒಳಗಿರುವಾಗಲೇ ಕೊಟ್ಟರೆ ಇಡೀ ನಾಳ ಹೆಪ್ಪುಗಟ್ಟಬಹುದು. ಅವು ಹೊರಬಂದ ಮೇಲೆಯೇ ಅದರ ಮಾತು.

ಸೋರಿಕೆ ಬಲೂನಿಗೆ ಬಗ್ಗದಿದ್ದರೆ ಕವರ್ಡ್ ಸ್ಟೆಂಟ್, ಅಂದರೆ ಪೊರೆ ಹೊದಿಸಿದ ಸ್ಟೆಂಟ್. ಇದು ದಪ್ಪ, ಬಿರುಸು. ತಿರುವುಗಳಲ್ಲಿ ಸುಲಭಕ್ಕೆ ಸಾಗದು, ಬಾಯಿಗೆ ಸಿಕ್ಕ ಕವಲನ್ನೂ ಮುಚ್ಚಿಬಿಡುತ್ತದೆ. ಬಲೂನು ಇಳಿಸಿ ಸ್ಟೆಂಟ್ ಒಯ್ಯುವಷ್ಟರಲ್ಲಿ ರಕ್ತ ಸುರಿಯುತ್ತಲೇ ಇರುತ್ತದೆ. ಹಾಗಾಗಿ ದೊಡ್ಡ ತೂತಿಗೆ ಇನ್ನೊಂದು ಕಡೆಯಿಂದ ಎರಡನೇ ಗೈಡ್ ಕ್ಯಾತಿಟರ್ (ಉಪಕರಣಗಳನ್ನು ಹೃದಯದ ನಾಳದ ಬಾಯಿಯವರೆಗೆ ಒಯ್ಯುವ ಕೊಳವೆ) ತಂದು, ಮೊದಲಿನ ಬಲೂನನ್ನು ಕ್ಷಣಕಾಲವಷ್ಟೇ ಸಡಿಲಿಸಿ ಹೊಸ ವೈರ್, ಅದರ ಹಿಂದೆ ಸ್ಟೆಂಟ್ ದಾಟಿಸುತ್ತೇನೆ.

ಇಂಥ ತೂತಿಗೆ ಹೆಚ್ಚಾಗಿ ಕಾರಣ ಸುಣ್ಣಗಟ್ಟಿದ ನಾಳಕ್ಕೆ ಅಳತೆ ಮೀರಿದ ಬಲೂನು. ನನಗೆ ಹೆಚ್ಚು ಭಯ ಬೇರೆಯದರದ್ದು: ಜಾರುವ ಲೇಪನದ ವೈರ್‌ನ ತುದಿ ಕೂದಲಿನಷ್ಟು ಸಣ್ಣ ಕವಲಿಗೆ ಹೊಕ್ಕು ಚುಚ್ಚುವುದು. ಸ್ಟೆಂಟ್ ಚೆನ್ನಾಗಿ ಕೂತಿರುತ್ತದೆ, ಎಲ್ಲರೂ ಖುಷಿ. ಕೆಲವು ಗಂಟೆಗಳ ನಂತರ ವಾರ್ಡಿನಲ್ಲಿ ಬಿಪಿ ಬೀಳುತ್ತದೆ. ಕವರ್ಡ್ ಸ್ಟೆಂಟ್ ಅಷ್ಟು ಸಣ್ಣ ಕವಲೊಳಗೆ ಹೋಗದು. ಮೈಕ್ರೋಕ್ಯಾತಿಟರ್ ಎಂಬ ಅತಿ ಸಣ್ಣ ಕೊಳವೆಯ ಮೂಲಕ ಕಾಯಿಲ್ (ಸುರುಳಿ ತಂತಿ), ಇಲ್ಲವೇ ರೋಗಿಯ ಚರ್ಮದಡಿಯ ಕೊಬ್ಬಿನ ತುಣುಕು ಕಳಿಸಿ ಮುಚ್ಚಬೇಕು. ಅದಕ್ಕೇ ಅಡೆತಡೆ ದಾಟಿದ ಮೇಲೆ ಜಾರುವ ವೈರ್ ತೆಗೆದು ಮೃದು ವೈರ್ ಹಾಕುತ್ತೇನೆ. ಕೊನೆಯ ಚಿತ್ರಗಳನ್ನು ವೈರ್ ತೆಗೆದ ಮೇಲೆ, ನಾಳದ ತುದಿಯವರೆಗೂ ಕಾಣುವಂತೆ ತೆಗೆಯುತ್ತೇನೆ.

ಬಿಪಿ ಬಿದ್ದಾಗ ಎಕೋದಲ್ಲಿ ಏನೂ ಕಾಣದಿದ್ದರೆ, ತೊಡೆಸಂದಿನಿಂದ ಮಾಡಿದವರಲ್ಲಿ ಬೆನ್ನು ಅಥವಾ ಪಕ್ಕೆ ನೋವು ಕೇಳಿ. ಸೂಜಿಯನ್ನು ತೊಡೆಸಂದಿಗಿಂತ ಮೇಲ್ಭಾಗದಲ್ಲಿ ಚುಚ್ಚಿದ್ದರೆ ರಕ್ತ ಹೊಟ್ಟೆಯ ಹಿಂಬದಿಗೆ ಸೇರುತ್ತದೆ, ತೊಡೆಯಲ್ಲಿ ಬಾವು ಕಾಣಲೇಬೇಕೆಂದಿಲ್ಲ.